ಮುಖ ಮರೆತು ಹೊಟ್ಟೆ ನೆನಪಿಡುತ್ತಿದ್ದ ಬಾಯಾರು

ಆಕೆ ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವಳು ನನ್ನ ತಂಗಿ. ಸಿರವಾರದಿಂದ ಫೋನ್ ಮಾಡಿ, ಎರಡು ಮಾತು ಆಡುವುದರೊಳಗೆ ಅಳತೊಡಗಿದಳು. ನಮ್ಮ ಅವ್ವ ಸತ್ತಾಗಲೂ ಅವಳು ಹೀಗೆ ಅತ್ತಿರಲಿಲ್ಲ. ಸಮಾಧಾನ ಹೇಳಿ ಫೋನ್ ಇಟ್ಟೆ. ಇಟ್ಟ ಮೇಲೆ ನನಗೆ ಮೊದಲು ಬಂದದ್ದು ದುಃಖವಲ್ಲ, ಹೊಟ್ಟೆಕಿಚ್ಚು. ಸತ್ತ ಮೇಲೂ ಈಕೆಗೆ ನನ್ನ ಮನೆಯವರ ಕಣ್ಣೀರೇ ಬೇಕಾಗಿತ್ತೇ ಅನಿಸಿತು.

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕಂತೆ. ಆಕೆಯ ಬಗ್ಗೆ ಒಳ್ಳೆಯದನ್ನು ಆಡುವವರು ದೇವದುರ್ಗ, ಮಾನ್ವಿ ತಾಲೂಕುಗಳ ತುಂಬ ಇದ್ದಾರೆ. ಅದಕ್ಕೆ ನಾನು ಬೇಕಾಗಿಲ್ಲ. ನಾನು ಕಂಡದ್ದನ್ನು, ಕಂಡು ಉರಿದುಕೊಂಡದ್ದನ್ನು ಹೇಳುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ನಾವಿಬ್ಬರೂ ಡಾಕ್ಟರಾಗಿ ಸರಕಾರಿ ನೌಕರಿಗೆ ಸೇರಿದೆವು. ನಾನು ಹೈದರಾಬಾದಿನಲ್ಲಿ ಓದಿ ಬಂದವಳು, ನಾನು ಹುಟ್ಟಿದ ರಾಯಚೂರಿನಲ್ಲೇ ಕೆಲಸ ಸಿಕ್ಕಿತು. ಆಕೆಯನ್ನು ದೇವದುರ್ಗಕ್ಕೆ ಹಾಕಿದರು. ಅದಕ್ಕೂ ಮೊದಲು ಕೆಲವು ತಿಂಗಳು ಒಬ್ಬರೇ ಹಿರಿಯ ಸರ್ಜನ್ನರ ಕೈಕೆಳಗೆ ಇಬ್ಬರೂ ಕೆಲಸ ಕಲಿತೆವು. ಆಪರೇಷನ್ನಿನಲ್ಲಿ ನಾನು ಮಾಡುವ ಗಾಯಗಳು ಸಣ್ಣವು, ಹೊಲಿಗೆ ಚುರುಕು. ಆಕೆ ಗಂಟು ಹಾಕುವುದನ್ನು ನೋಡುತ್ತ ನಿಂತರೆ ಹಸಿವಾಗುತ್ತಿತ್ತು. ಮೊದಲ ಸಲ ಮಲ್ಲಿಗೆ ಕಟ್ಟಲು ಕುಳಿತ ಹುಡುಗಿಯಂತೆ ದಾರವನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿಯುತ್ತಿದ್ದಳು. ಹಿರಿಯರು ನನಗೆ "ನಿನ್ನ ಕೈ ಬಂಗಾರದ್ದು ಬಿಡವ್ವ" ಅನ್ನುತ್ತಿದ್ದರು. ಆಕೆಗೆ, "ನೀನು ಮಾತ್ರ ದಿನಾ ಸಂಜಿ ಬಸ್ ತಪ್ಪಿಸ್ಕೋತಿ" ಅನ್ನುತ್ತಿದ್ದರು. ನಿಜವಾಗಿಯೂ ತಪ್ಪಿಸಿಕೊಳ್ಳುತ್ತಿದ್ದಳು. ತೀನ್ ಕಂದೀಲ್ ಹತ್ತಿರ ಮಿರ್ಚಿ ಭಜಿ ಕಟ್ಟಿಸಿಕೊಂಡು, ನಮ್ಮ ಮನೆಗೆ ಬಂದು, ಅವ್ವನ ಜೊತೆ ಹರಟುತ್ತ ಕೂರುತ್ತಿದ್ದಳು. ನನ್ನ ಪಾಲಿನ ಭಜಿಯನ್ನೂ ತಿನ್ನುತ್ತಿದ್ದಳು.

ಇಂಥವಳ ಕೈಗುಣ ಒಳ್ಳೆಯದು ಎಂದು ಜನ ಮಾತಾಡತೊಡಗಿದಾಗ ನನಗೆ ನಗು ಬಂತು. ಕೈಗುಣ ಇರಬೇಕಾದರೆ ಮೊದಲು ಕೈ ನೆಟ್ಟಗಿರಬೇಕಲ್ಲ! ಆದರೆ ಆ ಮಾತು ನಿಲ್ಲಲಿಲ್ಲ. ಗಬ್ಬೂರಿನಿಂದ ಒಬ್ಬ ಹೆಂಗಸು ಎರಡು ಬಸ್ ಬದಲಿಸಿ ನನ್ನ ಆಸ್ಪತ್ರೆಗೆ ಬಂದು, ನನ್ನನ್ನು ಮೇಲೆ ಕೆಳಗೆ ನೋಡಿ, "ದೇವದುರ್ಗದ ಬಾಯಾರು ಇವತ್ತು ರಾಯಚೂರಿಗೆ ಬಂದಾರಂತಲ್ರಿ, ಎಲ್ಲಿ ಅದಾರ?" ಎಂದು ಕೇಳಿದಳು. ನಮ್ಮ ಕಡೆ ಡಾಕ್ಟರ್ ಹೆಂಗಸರಿಗೆ ಬಾಯಾರು ಎನ್ನುವುದು ರೂಢಿ. ನಾನೂ ಬಾಯಾರೇ. ಬಿಳಿ ಕೋಟು ಹಾಕಿಕೊಂಡು, ಕೊರಳಿಗೆ ಸ್ಟೆತಾಸ್ಕೋಪ್ ಹಾಕಿಕೊಂಡು ಎದುರಿಗೇ ಕುಳಿತಿದ್ದೆ. ದೇವದುರ್ಗದವಳೋ ರಜೆ ಹಾಕಿ ಸೀರೆ ಕೊಳ್ಳಲು ಬಂದಿದ್ದಳು.

ಆಕೆಯ ವಿಚಿತ್ರವೆಂದರೆ ಮುಖಗಳು ನೆನಪಿರುತ್ತಿರಲಿಲ್ಲ. ದಾರಿಯಲ್ಲಿ ನಮಸ್ಕಾರ ಮಾಡಿದವರಿಗೆಲ್ಲ "ಆರಾಮ್ ಅದೀರಿಲ್ರಿ?" ಅಂದು, ಆಮೇಲೆ ನನ್ನ ಕಡೆ ತಿರುಗಿ "ಯಾರಿವ್ರು?" ಅನ್ನುತ್ತಿದ್ದಳು. ಆದರೆ ಅದೇ ಹೆಂಗಸು ಬೆಂಚಿನ ಮೇಲೆ ಮಲಗಿ ಸೀರೆ ಸರಿಸಿದರೆ ಸಾಕು, "ಹೋ, ನೀನಾ! ಹೋದ ಬ್ಯಾಸಿಗ್ಯಾಗ ಬಲಗಡಿ ನೋವಂತ ಬಂದಿದ್ದೆಲ್ಲ?" ಎಂದು ಶುರು ಮಾಡುತ್ತಿದ್ದಳು. ಮುಟ್ಟುವ ಮೊದಲು ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವಳು. ಕುರ್ಚಿಯಲ್ಲಿ ಕೂರುವುದಿಲ್ಲ, ಮಂಚದ ಅಂಚಿನಲ್ಲೇ ಕುಂಡಿ ಊರುವಳು. ಹೊಟ್ಟೆಯ ಮೇಲೆ ಕೈಯಿಟ್ಟು, ಜೋಳದ ಧಾರಣೆ, ಸೊಸೆಯ ಜಗಳ, ಎಮ್ಮೆ ಈದದ್ದು ಎಲ್ಲ ವಿಚಾರಿಸುವಳು. ಮುಸಲ್ಮಾನ ಹೆಂಗಸರ ಜೊತೆ ದಖ್ಖನಿಯಲ್ಲಿ ಶುರುವಾದರೆ ಮುಗಿಯಿತು, ಹೊರಗೆ ಸಾಲು ನಿಂತವರು ನಿಂತೇ ಇರಬೇಕು. ಯಾಕೆ ಇಷ್ಟು ಹೊತ್ತು ಎಂದು ಕೇಳಿದರೆ, "ಮಾತಿಗಿ ಮನಸು ಹೋತಂದ್ರ ಹೊಟ್ಟಿ ಸಡಲ ಆಗ್ತದ್ರಿ ಡಾಕ್ಟ್ರ. ಬಿಗಿ ಹಿಡದ ಹೊಟ್ಟಿ ಏನೂ ಹೇಳಂಗಿಲ್ಲ," ಅನ್ನುವಳು.

ಎಂಬತ್ತರ ದಶಕ ಶುರುವಾದ ಮೇಲೆ ನಮ್ಮ ಕಡೆ ದುರ್ಬೀನ್ ಆಪರೇಷನ್ ಬಂತು. ಮಕ್ಕಳು ಸಾಕು ಎಂದ ಹೆಂಗಸರಿಗೆ ಹೊಟ್ಟೆ ಕೊಯ್ಯದೆ, ಹೊಕ್ಕುಳದ ಕೆಳಗೆ ಬೆರಳ ತುದಿಯಷ್ಟು ಕಂಡಿ ಮಾಡಿ, ಕೊಳವೆ ಇಳಿಸಿ ಅದರಲ್ಲಿ ಒಳಗೆ ನೋಡುತ್ತ ಮಾಡುವ ಆಪರೇಷನ್. ಜನ ಅದಕ್ಕೆ ದುರ್ಬೀನ್ ಎಂದೇ ಹೆಸರಿಟ್ಟರು. ನಾನು ತರಬೇತಿಗೆ ಹೋಗಿ ಕಲಿತು ಬಂದೆ. ನನ್ನ ಕೈಗೆ ಹೇಳಿ ಮಾಡಿಸಿದ ಕೆಲಸ. ಬೆಳಿಗ್ಗೆ ಬಂದ ಹೆಂಗಸು ಸಂಜೆಗೆ ಮನೆಗೆ ನಡೆದು ಹೋಗುತ್ತಿದ್ದಳು. ನನಗೆ ಶಾಲು ಹೊದಿಸಿದರು, ಫೋಟೋ ತೆಗೆದರು. ಆಕೆಯೂ ತರಬೇತಿಗೆ ಹೋಗಿದ್ದಳು, ಕಲಿತೂ ಇದ್ದಳು. ಆದರೆ ಸರಕಾರ ನಡೆಸುತ್ತಿದ್ದ ಆಪರೇಷನ್ ಕ್ಯಾಂಪಿನಲ್ಲಿ ಆಕೆಯ ಕೆಲಸವೆಲ್ಲ ಹೆಂಗಸರನ್ನು ವಾಪಸು ಕಳಿಸುವುದೇ ಆಗಿರುತ್ತಿತ್ತು.

ಈ ಆಪರೇಷನ್ನಿನಲ್ಲಿ ಒಂದು ಅಪಾಯವಿದೆ. ಮೊದಲು ಸೂಜಿ ಚುಚ್ಚಿ ಹೊಟ್ಟೆಗೆ ಗಾಳಿ ತುಂಬುತ್ತಾರೆ. ಕೊಳವೆ ಒಳಗೆ ಇಳಿಯುವ ತನಕ ಡಾಕ್ಟರಿಗೆ ಏನೂ ಕಾಣುವುದಿಲ್ಲ. ಹಿಂದೆ ಯಾವಾಗಲಾದರೂ ಒಳಗೆ ಕಾಯಿಲೆಯಾಗಿ ಮಾಗಿದ್ದರೆ ಕರುಳು ಹೊಟ್ಟೆಯ ಗೋಡೆಗೆ ಅಂಟಿಕೊಂಡಿರಬಹುದು; ಆಗ ಸೂಜಿ ನೆಟ್ಟಗೆ ಕರುಳಿಗೇ ಹೋಗುತ್ತದೆ. ಅದು ಅವತ್ತು ಗೊತ್ತಾಗುವುದೂ ಇಲ್ಲ. ಹೆಂಗಸು ನಗುತ್ತ ಊರಿಗೆ ಹೋಗಿರುತ್ತಾಳೆ. ಆಮೇಲೆ ಜ್ವರ, ವಾಂತಿ, ಹೊಟ್ಟೆ ಉಬ್ಬರ. ಇದು ಪುಸ್ತಕದಲ್ಲಿದೆ, ನಾನೂ ಓದಿದ್ದೆ. ಹಿಂದೆ ಹೊಟ್ಟೆ ಆಪರೇಷನ್ ಆಗಿದೆಯೇ ಎಂದು ಎಲ್ಲರನ್ನೂ ಕೇಳುತ್ತಿದ್ದೆ, ರಕ್ತ ಕಡಿಮೆ ಇದ್ದವರನ್ನು ಬಿಡುತ್ತಿದ್ದೆ. ಆಕೆಗೆ ಅಷ್ಟು ಸಾಲುತ್ತಿರಲಿಲ್ಲ. ತಂಬಾಕು ತಿಂತೀಯೇನು, ಕೆಮ್ಮಿದರೆ ಹೊಟ್ಟೆ ಎಲ್ಲಿ ಹಿಡಿಯುತ್ತದೆ, ನಾಳೆ ನೀರು ಹೊರುವವರು ಯಾರು, ನಿಮ್ಮೂರಿಗೆ ಬಸ್ ಬರುತ್ತದೆಯೇ? ಬಸ್ಸಿಗೂ ಆಪರೇಷನ್ನಿಗೂ ಏನು ಸಂಬಂಧ ಎಂದು ನಾನು ಒಮ್ಮೆ ಕೇಳಿದೆ. "ಜ್ವರ ಬಂದ್ರ ತಿರುಗಿ ಬರಬೇಕಲ್ರಿ," ಎಂದಳು. ಬಸ್ ಇಲ್ಲದ ಊರಿನವರನ್ನು ಜ್ವರದ ಭಯ ಕಳೆಯುವ ತನಕ ವಾರ್ಡಿನಲ್ಲೇ ಇಟ್ಟುಕೊಳ್ಳುವಳು.

ಮಾನ್ವಿಯ ಒಂದು ಕ್ಯಾಂಪು ನನಗೆ ಚೆನ್ನಾಗಿ ನೆನಪಿದೆ. ಅಷ್ಟರಲ್ಲಿ ಆಕೆಗೆ ಮಾನ್ವಿಗೆ ವರ್ಗವಾಗಿತ್ತು. ಶಾಲೆಯ ಕೋಣೆಯಲ್ಲಿ ಡೆಸ್ಕು ಸರಿಸಿ ತಪಾಸಣೆಗೆ ಜಾಗ ಮಾಡಿದ್ದರು. ಒಬ್ಬ ಬಡಕಲು ಹೆಂಗಸಿನ ಹೊಟ್ಟೆಯ ಮೇಲೆ, ಹೊಕ್ಕುಳದ ಸುತ್ತ, ಹಳೆಯ ಬರೆಯ ಗುರುತುಗಳಿದ್ದವು. ನಮ್ಮ ಹಳ್ಳಿಗಳಲ್ಲಿ ಮಕ್ಕಳಿಗೆ ಹೊಟ್ಟೆನೋವು ಬಂದರೆ ಸರಳು ಕಾಯಿಸಿ ಬರೆ ಹಾಕಿಸುವುದು ಇತ್ತು. ಅದನ್ನು ಕಂಡರೆ ನನಗೆ ಮೈಯೆಲ್ಲ ಬೆಂಕಿ.

"ಯಾವ ಪುಣ್ಯಾತ್ಗಿತ್ತಿ ಸುಟ್ಟಾಳ ಇದನ್ನ? ಬುದ್ಧಿ ಅದ ಏನಿಲ್ಲ ನಿಮಗ?" ಎಂದು ಗದರಿದೆ.

ಹೆಂಗಸು ಸೀರೆ ಎಳೆದುಕೊಂಡಳು. "ಸಣ್ಣಾಕಿದ್ದಾಗ್ರಿ… ನೆಗಡಿಗಿ ಹಾಕಿಸಿದ್ರಂತ್ರಿ," ಎಂದಳು.

ನಾನು ಮುಂದಿನವಳ ಕಡೆ ಹೋದೆ. ಆಕೆ ಹೋಗಲಿಲ್ಲ. ಅಂಗೈ ಉಜ್ಜಿಕೊಂಡು ಅಲ್ಲೇ ಕುಳಿತಳು.

"ನೆಗಡಿ ಮೂಗಿಗಿ ಬರ್ತದಲ್ಲವ್ವ, ಹೊಟ್ಟಿಗ್ಯಾಕ ಹಾಕಿದ್ರು? ಹಾಕಿದಾಕಿಗಿ ಕಣ್ಣು ಕಾಣಸ್ತಿದ್ದಿಲ್ಲೇನು?"

ಹೆಂಗಸು ನಕ್ಕುಬಿಟ್ಟಳು. ನಕ್ಕ ಮೇಲೆ ಬಾಯಿ ಬಿಟ್ಟಳು. ಒಂದು ಇಡೀ ಮಳೆಗಾಲ ಹೊಟ್ಟೆನೋವು, ಉಂಡದ್ದೆಲ್ಲ ವಾಂತಿ, ಮೈ ಇಳಿದು ಹೋಗಿ ಉಳಿಯುವುದಿಲ್ಲ ಅಂದಿದ್ದರು, ಕೊನೆಗೆ ಅಜ್ಜಿ ಬರೆ ಹಾಕಿಸಿದ್ದಳು. ಆಕೆ ಎದ್ದು ಬಂದು ನನ್ನ ಕಿವಿಯಲ್ಲಿ ಹೇಳಿದಳು: "ಈಕಿಗಿ ದುರ್ಬೀನ್ ಬ್ಯಾಡ್ರಿ. ಹೊಟ್ಟೀ ಟಿಬಿ ಆಗಿ ಒಣಗಿರಬೇಕು. ಒಳಗ ಕರುಳು ಎಲ್ಲಿ ಅಂಟ್ಯಾದೋ ಯಾರಿಗಿ ಗೊತ್ತು?"

ಕ್ಯಾಂಪಿನ ಉಸ್ತುವಾರಿ ನೋಡುತ್ತಿದ್ದವರಿಗೆ ಸಿಟ್ಟು ಬಂತು. "ಬಾಯಾರ, ಹಿಂಗ ಎಲ್ಲಾರ್ನೂ ಮನಿಗಿ ಕಳಸಾಕತ್ತಿದ್ರ ಟಾರ್ಗೆಟ್ ಯಾರು ಮುಟ್ಟಸ್ಬೇಕ್ರಿ?"

"ಉಳದವ್ರು ಮುಟ್ಟಸ್ತಾರ್ರಿ," ಎಂದಳು ಆಕೆ, ತಲೆ ಎತ್ತದೆ.

ಆ ಮಾತನ್ನು ಮಾನ್ವಿಯ ತುಂಬ ಆಡಿಕೊಂಡರು. ನಾನು ಅವತ್ತು ಮಧ್ಯಾಹ್ನದೊಳಗೆ ನನ್ನ ಪಾಲಿನದನ್ನೆಲ್ಲ ಮುಗಿಸಿ, ಒಂದು ತೊಟ್ಟು ರಕ್ತ ಹೆಚ್ಚು ಹೋಗದಂತೆ ಮುಗಿಸಿ, ಕೈ ತೊಳೆದುಕೊಂಡಿದ್ದೆ. ಅದನ್ನು ಯಾರೂ ಆಡಿಕೊಳ್ಳಲಿಲ್ಲ. ಆಗಿದ್ದನ್ನು ಮಾಡಿದವಳಿಗಿಂತ, ಆಗದೇ ಇದ್ದದ್ದಕ್ಕೆ ಹೆದರಿದವಳು ದೊಡ್ಡವಳಾದಳು. ವಾಪಸು ಹೋದ ಆ ಹೆಂಗಸಂತೂ ಊರಿಗೆ ಹೋಗಿ, "ಆ ಬಾಯಾರು ಹೂಂ ಅಂದ್ರ ಮಾತ್ರ ಮಾಡಿಸ್ಕೋಬೇಕ್ರೆವ್ವ" ಎಂದು ಡಂಗುರ ಸಾರಿದಳು. ಬರೆ ಹಾಕುವವರನ್ನು ಬೈದದ್ದಕ್ಕೆ ನನಗೇನೂ ಪಶ್ಚಾತ್ತಾಪವಿಲ್ಲ. ಕೂಸಿನ ಹೊಟ್ಟೆ ಸುಡುವವರನ್ನು ಮುದ್ದು ಮಾಡಬೇಕೇ? ಆಗಲೂ ಬೈದೆ, ಈಗ ಕಂಡರೂ ಬೈಯುತ್ತೇನೆ.

ನನ್ನ ತಂಗಿ ನನಗಿಂತ ಬಹಳ ಚಿಕ್ಕವಳು. ನಾನು ಹೈದರಾಬಾದಿನ ಹಾಸ್ಟೆಲಿಗೆ ಹೋದಾಗ ಅವಳಿನ್ನೂ ಲಂಗ ಹಾಕಿಕೊಂಡು ಕುಂಟಾಟ ಆಡುವ ಹುಡುಗಿ. ಆಮೇಲೆ ಸಿರವಾರದ ಭತ್ತದ ವ್ಯಾಪಾರಿಗೆ ಕೊಟ್ಟೆವು. ಮೂರು ಹೆರಿಗೆಗಳೂ ನಮ್ಮ ಮನೆಯಲ್ಲೇ ಸೂಲಗಿತ್ತಿಯ ಕೈಯಲ್ಲೇ ಆದವು. ಮನೆಯಲ್ಲಿ ಡಾಕ್ಟರ್ ಅಕ್ಕ ಇದ್ದೂ, ಆಸ್ಪತ್ರೆಗೆ ಬಾ ಎಂದು ನಾನು ಎಷ್ಟು ಕೂಗಾಡಿದರೂ ಬರಲಿಲ್ಲ. ನಾಚಿಕೆ ಎಂದುಕೊಂಡೆ. ಮೂರನೆಯದಾದ ಮೇಲೆ ಒಂದು ದಿನ ಅವಳೇ ಬಂದು, "ಅಕ್ಕಾ, ಸಾಕು ನನಗ. ಆಪರೇಷನ್ ಮಾಡಿಸ್ಕೋತೀನಿ," ಎಂದಳು.

"ಗುರುವಾರ ಬಾ. ದುರ್ಬೀನ್ ಹಾಕಿ ನಾನ ಮಾಡ್ತೀನಿ. ಸಂಜೀಕ ಮನೀಗಿ ಹೋಗ್ತಿ."

ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿದಳು. "ಇಲ್ಲಕ್ಕ… ಮಾನ್ವಿ ಬಾಯಾರ ಕೈಲೆ ಮಾಡಿಸ್ಕೋಬೇಕಂತ ಅದೀನಿ."

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ ಎಂದು ಮನಸ್ಸಿಗೆ ಹೇಳಿಕೊಂಡೆ. ಮನಸ್ಸು ಕೇಳಲಿಲ್ಲ. ಜಿಲ್ಲೆಯ ಹೆಂಗಸರೆಲ್ಲ ಆಕೆಯ ಹಿಂದೆ ಹೋಗಲಿ, ನನ್ನ ಒಡಹುಟ್ಟಿದವಳೂ ಹೋಗುವುದೇ? ಎರಡು ದಿನ ಬಿಟ್ಟು ತಂಗಿಯ ಗಂಡ ಮುಖ ಸಪ್ಪಗೆ ಮಾಡಿಕೊಂಡು ಬಂದ. ಮಾನ್ವಿ ಬಾಯಾರು ದುರ್ಬೀನ್ ಆಗುವುದಿಲ್ಲ ಅಂದಿದ್ದಾರೆ, ರಕ್ತ ಕಡಿಮೆ ಅದೆ, ಮಾತ್ರೆ ಕೊಟ್ಟಿದ್ದಾರೆ, ರಕ್ತ ಏರಿದ ಮೇಲೆ ಹೊಟ್ಟೆ ತೆರೆದೇ ಮಾಡಬೇಕಂತೆ, ಆಸ್ಪತ್ರೆಯಲ್ಲಿ ವಾರಗಟ್ಟಲೆ ಇರಬೇಕಂತೆ. "ಸುಗ್ಗಿ ಬಂದದ ಅಕ್ಕಾರ, ನೀವ ಮಾಡಿಬಿಡ್ರಿ," ಎಂದ.

ನಾನು ಅವತ್ತೇ ಮಾನ್ವಿಗೆ ಹೋದೆ. ಆಕೆ ಆಸ್ಪತ್ರೆಯ ಕಟ್ಟೆಯ ಮೇಲೆ ಕುಳಿತು ಮಂಡಕ್ಕಿ ತಿನ್ನುತ್ತಿದ್ದಳು.

"ನನ್ನ ತಂಗಿಗಿ ದುರ್ಬೀನ್ ಯಾಕ ಆಗಂಗಿಲ್ಲ?"

"ಆಗಂಗಿಲ್ರಿ."

"ಯಾಕಂತ ಕೇಳಾಕತ್ತೀನಿ."

"ಅದನ್ನ ನಿಮಗ ಹೇಳಾಕ ಬರಂಗಿಲ್ರಿ ನನಗ."

"ನಾ ಡಾಕ್ಟರ್ ಅದೀನಿ. ಆಕೀ ಸ್ವಂತ ಅಕ್ಕ ಅದೀನಿ."

"ಹೌದ್ರಿ," ಎಂದಳು. "ಅದಕ್ಕ."

ಮಂಡಕ್ಕಿಯ ಪೊಟ್ಟಣವನ್ನು ನನ್ನ ಕಡೆ ಚಾಚಿದಳು. ನಾನು ಮುಟ್ಟದೆ ಎದ್ದು ಬಂದೆ. ಇದು ಬರೀ ಸೊಕ್ಕು, ನನ್ನ ದುರ್ಬೀನಿನ ಮೇಲಿನ ಮತ್ಸರ ಎಂದು ದಾರಿಯುದ್ದಕ್ಕೂ ಬೈದುಕೊಂಡೆ. ಮತ್ಸರ ಯಾರದು ಎಂದು ನನಗೆ ಗೊತ್ತಿರಲಿಲ್ಲ ಎಂದೇನಲ್ಲ. ಆದರೂ, ರಕ್ತ ಕಡಿಮೆ ಎಂದದ್ದನ್ನೂ ನೆವವೆಂದುಕೊಂಡು, ಗುರುವಾರವೇ ಎಂದು ತಂಗಿಯ ಗಂಡನಿಗೆ ಹೇಳಿ ಕಳಿಸಿದೆ. ತಂಗಿ ಕೈಚೀಲ ಹಿಡಿದುಕೊಂಡು ಬಂದಳು. ಅಕ್ಕನ ಮಾತು, ಗಂಡನ ಮಾತು ಎರಡೂ ಒಂದೇ ಕಡೆ ಇದ್ದಾಗ ಅವಳಿಗೆ ಬೇರೆ ದಾರಿ ಇರಲಿಲ್ಲ.

ಗುರುವಾರ ನಾನು ಕೈ ತೊಳೆಯಲು ಹೋಗುವ ಹೊತ್ತಿಗೆ ಆಕೆ ಬಾಗಿಲಲ್ಲಿ ನಿಂತಿದ್ದಳು. ಗುರುವಾರದ ಸುದ್ದಿಯನ್ನು ಯಾರು ಮುಟ್ಟಿಸಿದ್ದರೋ, ಮಾನ್ವಿಯಿಂದ ಮೊದಲ ಬಸ್ಸಿಗೆ ಬಂದಿದ್ದಳು. ಹುಟ್ಟಿದಾಗಿನಿಂದ ಮೊದಲ ಬಸ್ ಹಿಡಿದದ್ದು ಅದೊಂದೇ ಸಲ ಇರಬೇಕು. ತಲೆಗೂದಲೆಲ್ಲ ಕೆದರಿ, ಸೀರೆಯ ತುಂಬ ಕೆಂಪು ಧೂಳು.

"ನೀವು ಮಾಡ್ರಿ, ನಂದೇನೂ ಅಡ್ಡಿ ಇಲ್ಲ," ಎಂದಳು. "ಆದ್ರ ಸೂಜಿ ಹಿಡಿಯೂಕಿಂತ ಮೊದ್ಲ ಆಕೀ ಹೊಟ್ಟಿ ನೋಡ್ರಿ. ಬೆಳಕಿನ್ಯಾಗ, ನಿಮ್ಮ ಕಣ್ಣಿಲೆ. ನಾ ಏನೂ ಹೇಳಿಲ್ಲ. ನೋಡ್ರಿ ಅಂದೆ, ಅಷ್ಟ."

ಒಳಗೆ ಹೋಗಿ, ಕಿಟಕಿಯ ಪರದೆ ಸರಿಸಿ, ತಂಗಿಯ ಹೊಟ್ಟೆಯ ಮೇಲಿನ ಬಟ್ಟೆ ತೆಗೆದೆ. ಮೂರು ಬಸುರಿನ ಗೆರೆಗಳ ನಡುವೆ, ಹೊಕ್ಕುಳದ ಸುತ್ತ, ಮಾಸಿ ಬಿಳುಪಾದ ಬರೆಗಳಿದ್ದವು. ಅವಸರದಲ್ಲಿ ಅಯೋಡಿನ್ ಬಳಿದಿದ್ದರೆ ಕಾಣುತ್ತಲೇ ಇರಲಿಲ್ಲ. ತಂಗಿ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

"ಅವ್ವ ಹೇಳಬ್ಯಾಡಂದಿದ್ಳಕ್ಕ," ಎಂದಳು. "ಅಕ್ಕ ಬೈತಾಳ ಅಂದಿದ್ಳು."

ಅವತ್ತು ಆಪರೇಷನ್ ಆಗಲಿಲ್ಲ. ನಾನು ಮಂಚದ ಪಕ್ಕ ನಿಂತುಕೊಂಡೇ ಕೇಳಿದೆ: ಯಾವಾಗ, ಎಷ್ಟು ದಿನ ನೋವಿತ್ತು, ಏನು ತಿಂದರೆ ಬರುತ್ತಿತ್ತು. ಎಲ್ಲದಕ್ಕೂ ತಂಗಿ, "ಗೊತ್ತಿಲ್ಲಕ್ಕ, ಸಣ್ಣಾಕಿದ್ದೆ," ಎಂದಳು. ಪೊಲೀಸರಿಗೆ ಉತ್ತರ ಕೊಟ್ಟಂತೆ. ಆಕೆ ಹಿಂದಿನಿಂದ ಬಂದು ಮಂಚದ ಅಂಚಿನಲ್ಲಿ ಕುಳಿತಳು. "ಈಗ ಅಕ್ಕಾಗ ತಿಳೀತಲ್ಲ, ನಾ ಹೇಳ್ಲೇನು?" ಎಂದಳು. ತಂಗಿ ಹೂಂ ಎಂದಳು. ಆಗ ನನ್ನ ಮನೆಯಲ್ಲಿ ನಡೆದದ್ದನ್ನು ಆಕೆಯ ಬಾಯಲ್ಲಿ ನಾನು ಕೇಳಿದೆ. ನಾನು ಹಾಸ್ಟೆಲಿನಲ್ಲಿದ್ದ ವರ್ಷ ತಂಗಿಗೆ ರೊಟ್ಟಿ ತಿಂದರೆ ಸಾಕು ಹೊಟ್ಟೆ ಮುರಿದುಕೊಂಡು ಬರುತ್ತಿತ್ತಂತೆ. ಓಣಿಯವರ ಔಷಧ, ತಾಯಿತ ಎಲ್ಲ ಮುಗಿದ ಮೇಲೆ ಅವ್ವ ಅವಳನ್ನು ದೇವಸುಗೂರಿಗೆ ದೇವರಿಗೆಂದು ಕರೆದುಕೊಂಡು ಹೋಗಿ, ಅಲ್ಲೇ ಹತ್ತಿರ ಒಬ್ಬ ಮುದುಕಿಯ ಕೈಲಿ ಬರೆ ಹಾಕಿಸಿದಳಂತೆ. ಅಳದೆ ತಡೆದುಕೊಂಡದ್ದಕ್ಕೆ ಕೈತುಂಬ ಹಸಿರು ಬಳೆ ಇಡಿಸಿದಳಂತೆ. ರಜೆಗೆ ಬಂದಾಗ ಆ ಬಳೆಗಳನ್ನು ನಾನು ನೋಡಿದ್ದೆ. ಚೆಂದ ಅದಾವ ಎಂದೂ ಅಂದಿದ್ದೆ.

ರಕ್ತ ಏರಿದ ಮೇಲೆ ಆಕೆಯೇ ಆಪರೇಷನ್ ಮಾಡಿದಳು. ನಾನು ಎದುರಿಗೆ ನಿಂತು ಕೈಜೋಡಿಸಿದೆ. ಹೊಕ್ಕುಳ ಬಿಟ್ಟು ಎಷ್ಟೋ ಕೆಳಗೆ, ನನಗೆ ಅಸಹ್ಯವಾಗುವಷ್ಟು ಉದ್ದ ಗಾಯ ಮಾಡಿ, ಅದೇ ಹಳೆಯ ನಿಧಾನದಿಂದ ಒಳಗೆ ಹೋದಳು. ಆಮೇಲೆ ಗ್ಲೋವ್ಸ್ ಹಾಕಿದ ನನ್ನ ಕೈಯನ್ನು ಹಿಡಿದು, ಬೆರಳನ್ನು ಒಳಗಿನಿಂದ ಮೇಲಕ್ಕೆ, ಹೊಕ್ಕುಳದ ಕಡೆಗೆ ಒಯ್ದಳು. "ಇಲ್ಲಿ," ಎಂದಳು. ಹಂಚಿಗೆ ರೊಟ್ಟಿ ಹತ್ತಿಕೊಂಡಂತೆ ಕರುಳಿನ ಒಂದು ಸುತ್ತು ಹೊಟ್ಟೆಯ ಗೋಡೆಗೆ ಅಂಟಿ ಕುಳಿತಿತ್ತು. ನಾನು ಗುರುವಾರ ಸೂಜಿ ಇಳಿಸಬೇಕೆಂದಿದ್ದ ಜಾಗ ಅದೇ. ನನ್ನ ತಂಗಿ ಮೂರು ಮಕ್ಕಳನ್ನು ಬಿಟ್ಟು ಹೋಗಬಹುದಾಗಿತ್ತು, ನನ್ನ ಬಂಗಾರದ ಕೈಯಲ್ಲಿ. ಆಕೆ ಆ ಕರುಳನ್ನು ಮುಟ್ಟದೆ ಹಾಗೇ ಬಿಟ್ಟು, ತನ್ನ ಕೆಲಸ ಮುಗಿಸಿ, ಗಂಟು ಹಾಕಲು ಶುರು ಮಾಡಿದಳು. ಅವತ್ತು ಮಾತ್ರ ಆ ಗಂಟುಗಳನ್ನು ನೋಡುತ್ತ ನನಗೆ ಹಸಿವಾಗಲಿಲ್ಲ.

ಇಷ್ಟಾದ ಮೇಲೆ ನನ್ನ ಹೊಟ್ಟೆಕಿಚ್ಚು ಆರಿತು ಎಂದುಕೊಂಡರೆ ನೀವು ನನ್ನನ್ನು ತಿಳಿದಿಲ್ಲ. ಹೆಚ್ಚಾಯಿತು. ಮೊದಲು ಆಕೆಯ ಹೆಸರಿಗೆ ಉರಿಯುತ್ತಿದ್ದೆ. ಚುರುಕು ಕೈ ನನ್ನದೇ ಎಂಬ ಸಮಾಧಾನವಾದರೂ ಇತ್ತು. ಈಗ ಉರಿ ಬೇರೆ ಕಡೆ ಹೊತ್ತಿಕೊಂಡಿತು. ನಮ್ಮ ಅವ್ವ ಸಾಯುವ ತನಕ ನನ್ನಿಂದ ಮುಚ್ಚಿಟ್ಟದ್ದು, ನನ್ನ ತಂಗಿ ಮೂರು ಹೆರಿಗೆಯಲ್ಲೂ ನನಗೆ ತೋರಿಸದೇ ಉಳಿಸಿಕೊಂಡದ್ದು, ಈಕೆಗೆ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವಷ್ಟರಲ್ಲಿ ಸಿಕ್ಕಿತ್ತು. ಆಮೇಲೆ ನಾನೂ ಒಂದೆರಡು ಸಲ ಮಂಚದ ಅಂಚಿನಲ್ಲಿ ಕುಳಿತು, ಅಂಗೈ ಉಜ್ಜಿ, ಜೋಳದ ಧಾರಣೆ ಕೇಳಿ ನೋಡಿದೆ. ಹೆಂಗಸರು ಗಾಬರಿಯಾದರು. ಏನೋ ದೊಡ್ಡ ಕಾಯಿಲೆಯೇ ಇರಬೇಕು, ಅದಕ್ಕೇ ಬಾಯಾರು ಇಷ್ಟು ಮೆತ್ತಗೆ ಮಾತಾಡುತ್ತಿದ್ದಾರೆ ಎಂದು ಒಬ್ಬಳು ಅತ್ತೂ ಬಿಟ್ಟಳು.

ಎಂಬತ್ತರ ದಶಕದ ಕೊನೆಯಲ್ಲಿ ಆಕೆಗೆ ಬೀದರಿನ ಕಡೆ ವರ್ಗವಾಯಿತು. ಬೀಳ್ಕೊಡಲು ಹೋಗುವ ಮನಸ್ಸು ನನಗಿರಲಿಲ್ಲ. ತಂಗಿ ಸಿರವಾರದಿಂದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದು, ನನ್ನನ್ನೂ ಎಳೆದುಕೊಂಡು ಹೋದಳು. ರಾಯಚೂರು ಸ್ಟೇಷನ್ನಿನಲ್ಲಿ ಹೆಂಗಸರ ಗುಂಪೇ ಸೇರಿತ್ತು. ಆಕೆಗೆ ಎಂದಿನಂತೆ ಒಬ್ಬರ ಹೆಸರೂ ನೆನಪಿರಲಿಲ್ಲ. ಎಲ್ಲರಿಗೂ "ಆರಾಮ್ ಅದೀರಿಲ್ಲ?" ಅನ್ನುತ್ತ, ಕೊಟ್ಟದ್ದನ್ನೆಲ್ಲ ಚೀಲಕ್ಕೆ ತುರುಕುತ್ತ, ಗಾಡಿ ಹೊರಡುವ ಹೊತ್ತಿಗೆ ಕಿಟಕಿಯ ಹತ್ತಿರ ಕುಳಿತಳು. ತಂಗಿ ಕಿಟಕಿಯ ಸರಳು ಹಿಡಿದುಕೊಂಡು ನಿಂತಳು. ನಾನು ಅವಳ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತಿದ್ದೆ.

"ಬಾಯಾರ, ಇನ್ಮ್ಯಾಲ ನನಗೇನರೆ ಆದ್ರ ಯಾರಿಗಿ ಹೇಳ್ಲಿ?" ಎಂದಳು ತಂಗಿ.

ಆಕೆ ತಂಗಿಯ ತಲೆಯ ಮೇಲಿಂದ ನನ್ನನ್ನು ನೋಡಿದಳು. "ಅಕ್ಕ ಅದಾರಲ್ಲವ್ವ, ಬಾಜೂಕ ನಿಂತಾರ. ಅವ್ರಿಗಿ ಹೇಳು," ಎಂದಳು.

ತಂಗಿ ತಿರುಗಿ ನನ್ನ ಮುಖ ನೋಡಿದಳು. ಕಣ್ಣೊರೆಸಿಕೊಂಡು, ಆಕೆ ಏನೋ ತಮಾಷೆ ಮಾಡಿದಳೆಂಬಂತೆ ನಕ್ಕಳು.

"ಅಕ್ಕಾಗ ಹ್ಯಾಂಗ ಹೇಳ್ಲಿ ಬಾಯಾರ," ಎಂದಳು. "ಅಕ್ಕ ಡಾಕ್ಟರ್ ಅದಾಳಲ್ರಿ."